ಎರಿ ಮಣ್ಣಿನಲ್ಲಿ ಹುಲ್ಲಿನ ತೋಟ: ಗದಗಿನಿಂದ ಒಂದು ಅನುಭವ

ಮನೆ ಪಕ್ಕದ ಜಾಗದಲ್ಲಿ ಅಲಂಕಾರಿಕ ಹುಲ್ಲು ಬೆಳೆಸಿದ್ದಕ್ಕೆ ನಮ್ಮ ಬಡಾವಣೆಯ ಸಂಘದವರು ಕೊಟ್ಟಿದ್ದ ನೋಟಿಸು ಹೋದ ವಾರ ವಾಪಸಾಯಿತು. ಎರಡು ಮಳೆಗಾಲ ಹಿಡಿದ ಕೆಲಸ ಅಲ್ಲಿಗೆ ಒಂದು ಹಂತಕ್ಕೆ ಬಂತು. ಈ ನಡುವೆ ಲಕ್ಷ್ಮೇಶ್ವರ, ಹುಬ್ಬಳ್ಳಿ, ಹಾವೇರಿ ಕಡೆಯ ಪರಿಚಯದವರು ಫೋಟೊ ನೋಡಿ ಫೋನ್ ಮಾಡುತ್ತಿದ್ದಾರೆ. ಈ ಹುಲ್ಲು ಎಲ್ಲಿ ಸಿಗುತ್ತದೆ, ನೀರು ಎಷ್ಟು ಬೇಕು, ಹಾವು ಬರುವುದಿಲ್ಲವೇ ಎಂದು ಕೇಳುತ್ತಾರೆ. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಹೇಳುವಾಗ ಮರೆತಿರುತ್ತದೆ. ಅದಕ್ಕೇ ಮೊದಲಿನಿಂದ ಬರೆದಿಡುತ್ತಿದ್ದೇನೆ.

ನಮ್ಮದು ಬೆಟಗೇರಿ ಕಡೆಯ ಬಡಾವಣೆ. ಮನೆಗೆ ಹತ್ತಿದ ಖಾಲಿ ಸೈಟು ನಮ್ಮದೇ, 30-40ರ ಅಳತೆ. ಮಣ್ಣು ಅಪ್ಪಟ ಎರಿ, ಅಂದರೆ ಕಪ್ಪು ಮಣ್ಣು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಹತ್ತಿದರೆ ಕಾಲಿಟ್ಟ ಚಪ್ಪಲಿ ಅಲ್ಲೇ ಉಳಿಯುತ್ತದೆ. ಅಲ್ಲಿ ಮೊದಲು ಲಾನ್ ಇತ್ತು. ನಳದ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ ಎನ್ನುವ ಊರಲ್ಲಿ ದಿನಾ ನೀರು ಕೇಳುವ ಲಾನ್ ಉಳಿಯುವುದಾದರೂ ಹೇಗೆ? ಪ್ರತಿ ಏಪ್ರಿಲ್‌ನಲ್ಲಿ ಒಣಗುತ್ತಿತ್ತು, ಪ್ರತಿ ಜೂನ್‌ನಲ್ಲಿ ದುಡ್ಡು ಕೊಟ್ಟು ಹೊಸದಾಗಿ ಹಾಸುತ್ತಿದ್ದೆವು.

ಹಿಂಗಾರಿನ ದಿನಗಳಲ್ಲಿ ಮುಂಡರಗಿಗೆ ಹೋಗುವಾಗ ಡೋಣಿ ದಾಟಿದ ಮೇಲೆ ಕಪ್ಪತಗುಡ್ಡದ ಇಳಿಜಾರು ಕಾಣುತ್ತದಲ್ಲ, ಅಲ್ಲಿ ತೆನೆ ಬಿಟ್ಟ ಹುಲ್ಲು ಗಾಳಿಗೆ ಒಂದೇ ದಿಕ್ಕಿಗೆ ವಾಲುವುದನ್ನು ನೋಡಿದವರಿಗೆ ನನ್ನ ಆಸೆ ಬೇಗ ತಿಳಿಯುತ್ತದೆ. ಯಾರೂ ನೀರು ಹಾಕದ ಗುಡ್ಡದಲ್ಲಿ ಅಷ್ಟು ಚೆಲುವು ಇದ್ದರೆ ನಮ್ಮ ಮನೆ ಮುಂದೆ ಯಾಕೆ ಆಗಬಾರದು ಎನಿಸಿತು. ಅತ್ತೆಯವರಿಗೆ ಹೇಳಿದಾಗ ಅವರಿಗೆ ಸಿಟ್ಟೇ ಬಂತು. "ಹೊಲದಾಗ ಹುಲ್ಲು ಕಿತ್ತು ಕಿತ್ತು ನನ್ನ ನಡಾ ಬಗ್ಗೇತಿ. ನೀ ರೊಕ್ಕಾ ಕೊಟ್ಟು ಹುಲ್ಲು ತಂದು ಹಚ್ಚತೀಯೇನವ್ವಾ?" ಅವರ ಮಾತಿನಲ್ಲಿ ಅರವತ್ತು ವರ್ಷದ ದುಡಿಮೆ ಇತ್ತು. ನಾನು ವಾದ ಮಾಡಲಿಲ್ಲ.

ಸಂಬಂಧಿಕರೊಬ್ಬರು ಗುಡ್ಡದಿಂದಲೇ ಹುಲ್ಲಿನ ನಾಲ್ಕು ಬಡ್ಡಿ (ಬೇರು ಸಮೇತದ ಬುಡ) ಅಗೆದು ತಂದುಬಿಡೋಣ ಎಂದರು. ಇದನ್ನು ಯಾರೂ ಮಾಡಬೇಡಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅಲ್ಲಿಂದ ಅನುಮತಿ ಇಲ್ಲದೆ ಹುಲ್ಲು ಕಿತ್ತು ತರುವುದೂ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಕಾನೂನು ಬದಿಗಿಟ್ಟರೂ, ಆ ಗುಡ್ಡಕ್ಕಾಗಿ ಈ ಜಿಲ್ಲೆಯ ಜನ ಎಷ್ಟು ಹೋರಾಡಿದ್ದಾರೆ ಎಂದು ನೆನೆದರೆ ಒಂದು ಕಡ್ಡಿ ಮುಟ್ಟಲೂ ಮನಸ್ಸು ಬರುವುದಿಲ್ಲ.

ಮೊದಲು ಮಣ್ಣು ಪರೀಕ್ಷೆ ಮಾಡಿಸಿದೆ. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ ನಮಗೆ ಹತ್ತಿರ. ಮಾದರಿ ತೆಗೆಯುವ ಕ್ರಮ ಸರಿ ಇರಬೇಕು. ಜಾಗದ ಐದಾರು ಕಡೆ ಮೇಲಿನ ಕಸಕಡ್ಡಿ ಸರಿಸಿ, ಅರ್ಧ ಅಡಿ ಆಳಕ್ಕೆ ಇಂಗ್ಲಿಷಿನ ವಿ ಆಕಾರದಲ್ಲಿ ತೋಡಿ, ಗುಂಡಿಯ ಅಂಚಿನಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪಕ್ಕೆ ಮಣ್ಣು ಕೆರೆದು ತೆಗೆಯಬೇಕು. ಎಲ್ಲವನ್ನೂ ಕಲೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಡುತ್ತ ಬಿಡುತ್ತ ಅರ್ಧ ಕಿಲೋಗೆ ಇಳಿಸಬೇಕು. ನೆರಳಲ್ಲಿ ಒಣಗಿಸಿ ಬಟ್ಟೆಯ ಚೀಲಕ್ಕೆ ಹಾಕಿ, ಹೆಸರು, ಊರು, ಸೈಟ್ ನಂಬರು ಬರೆದ ಚೀಟಿ ಒಳಗಿಡಬೇಕು. ಗೊಬ್ಬರದ ಚೀಲದಲ್ಲಿ ಮಣ್ಣು ಒಯ್ಯಬೇಡಿ, ಫಲಿತಾಂಶ ಕೆಡುತ್ತದೆ. ಫಾರ್ಮಿನಲ್ಲಿ ಬೆಳೆ ಯಾವುದು ಎಂಬ ಕಡೆ ಅಲಂಕಾರಿಕ ಹುಲ್ಲು ಎಂದು ಬರೆದೆ. "ಮೇವಿನ ಹುಲ್ಲೇನ್ರಿ?" ಎಂದು ಕೇಳಿದರು. ಅಲ್ಲರೀ, ನೋಡಾಕ ಎಂದೆ. ಬರೆದುಕೊಂಡರು.

ವರದಿ ಬರುವವರೆಗೆ ಕಾಯುವುದು ಕಷ್ಟವಾಯಿತು, ಏಕೆಂದರೆ ರೋಹಿಣಿ ಮಳೆ ಹತ್ತಿರ ಬರುತ್ತಿತ್ತು. ಮಾದರಿಯನ್ನು ಏಪ್ರಿಲ್ ಮೊದಲ ವಾರದೊಳಗೆ ಕೊಟ್ಟುಬಿಡಿ, ಮೇ ತಿಂಗಳಲ್ಲಿ ರೈತರ ಚೀಲಗಳ ಸಾಲು ದೊಡ್ಡದಿರುತ್ತದೆ. ನಮ್ಮ ಮಣ್ಣಿನ ರಸಸಾರ (pH) 8.4 ಬಂತು, ಅಂದರೆ ಕ್ಷಾರದ ಕಡೆಗೆ. ಪೊಟ್ಯಾಷ್ ಬೇಕಾದಷ್ಟಿದೆ, ಸಾವಯವ ಇಂಗಾಲ ಕಡಿಮೆ, ಸತು ಮತ್ತು ಕಬ್ಬಿಣದ ಕೊರತೆ. ಕಬ್ಬಿಣದ ಕೊರತೆ ಎಂಬ ಆ ಒಂದು ಸಾಲು ಮುಂದೆ ಬಹಳ ಉಪಯೋಗಕ್ಕೆ ಬಂತು. ಆ ಕಾಗದವನ್ನು ಕಳೆಯಬೇಡಿ. ನನಗೆ ಅದು ಸಂಘದ ಎದುರಿಗೂ ಬೇಕಾಯಿತು.

ಎರಿ ಮಣ್ಣಿಗೆ ಒಂದೆರಡು ಬುಟ್ಟಿ ಉಸುಕು ಬೆರೆಸಿದರೆ ಏನೂ ಆಗುವುದಿಲ್ಲ. ನೀರು ನಿಲ್ಲದಂತೆ ಮಾಡಲು ನೆಲವನ್ನೇ ಎತ್ತರಿಸಬೇಕು. ಕೆಳಗೆ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು), ಮೇಲೆ ನಮ್ಮದೇ ಎರಿ ಮಣ್ಣಿಗೆ ಅರ್ಧದಷ್ಟು ಗರಸು ಮತ್ತು ಹಳೆಯ ತಿಪ್ಪೆ ಗೊಬ್ಬರ ಕಲೆಸಿ ಒಂದು ಅಡಿ ಎತ್ತರದ ಏರುಮಡಿ ಮಾಡಿಸಿದೆ. ಗರಸು ಒಂದು ಟ್ರ್ಯಾಕ್ಟರ್ ಲೋಡಿಗೆ 2,500 ರೂಪಾಯಿ, ಗೊಬ್ಬರಕ್ಕೆ 4,000, ಆಳಿನ ಕೂಲಿ ಬೇರೆ. ಕಟ್ಟೆ ಕಟ್ಟಲು ಬಂದ ಗೌಂಡಿ ಹೇಳಿದ ಮಾತು ನೆನಪಿಡಿ: "ಗ್ವಾಡಿಗೆ ನೀರು ಹತ್ತಿಸಬ್ಯಾಡ್ರಿ ಅಕ್ಕಾರ, ಎರಿ ಮಣ್ಣು ಉಬ್ಬಿತಂದ್ರ ಪಾಯಾನ ಎತ್ತತೈತಿ." ಮಡಿಗಳನ್ನು ಗೋಡೆಯಿಂದ ನಾಲ್ಕು ಅಡಿ ದೂರ ಸರಿಸಿ, ನಡುವೆ ಗರಸು ಹಾಕಿ ಗಟ್ಟಿ ಮಾಡಿದೆವು. ಆ ಪಟ್ಟಿಯೇ ಆಮೇಲೆ ಹಾವಿನ ಪ್ರಶ್ನೆಗೂ ಉತ್ತರವಾಯಿತು.

ತಿಪ್ಪೆ ಗೊಬ್ಬರದ ಜೊತೆ ಬಂದದ್ದು ಜೇಕು. ಮಿರಗದ (ಮೃಗಶಿರ) ಮಳೆ ಬಿದ್ದ ಕೂಡಲೇ ಮಡಿ ತುಂಬ ಹಸಿರು ಸೂಜಿಗಳು. ಹುಲ್ಲಿನ ನಡುವೆ ಹುಲ್ಲಿನಂಥದೇ ಕಳೆ ಬಂದರೆ ಗುರುತಿಸುವುದು ಹೇಗೆ? ದಂಟನ್ನು ಎರಡು ಬೆರಳಿನ ನಡುವೆ ಹೊರಳಿಸಿ ನೋಡಿ. ಮೂರು ಮೂಲೆ ಕೈಗೆ ಹತ್ತಿದರೆ ಜೇಕು, ಗುಂಡಗಿದ್ದರೆ ಅಥವಾ ಚಪ್ಪಟೆ ಇದ್ದರೆ ಹುಲ್ಲು. ಜೇಕನ್ನು ಮೇಲಿಂದ ಎಳೆದರೆ ಎಲೆ ಮಾತ್ರ ಕೈಗೆ ಬರುತ್ತದೆ, ಸರಪಳಿ ಕಟ್ಟಿದ ಗಡ್ಡೆಗಳು ಒಳಗೇ ಉಳಿದು ಮತ್ತೆ ಚಿಗುರುತ್ತವೆ. ಕುರಪಿಯಿಂದ ಬುಡ ಬಿಡಿಸಿ ಗಡ್ಡೆ ಸಮೇತ ತೆಗೆಯಬೇಕು, ಅದೂ ಮತ್ತೆ ಮತ್ತೆ. ಗೊಬ್ಬರ ತರುವ ಮೊದಲೇ ಒಂದು ಬುಟ್ಟಿ ತಂದು ನೀರು ಹಾಕಿ ಎರಡು ವಾರ ಇಟ್ಟು ನೋಡುವುದು ಒಳ್ಳೆಯದು. ಜೇಕು ಇದ್ದರೆ ಅಷ್ಟರಲ್ಲಿ ತಲೆ ಎತ್ತುತ್ತದೆ.

ಇನ್ನು ಹುಲ್ಲುಗಳ ವಿಷಯ. ಆಯ್ಕೆ ಮಾಡುವಾಗ ನನಗೆ ಒಂದೇ ನಿಯಮ ಸಾಕು ಎನಿಸಿದೆ: ಬಡ್ಡಿ ಕಟ್ಟಿ ನಿಂತಲ್ಲೇ ನಿಲ್ಲುವ, ಬೀಜ ಹಾರಿಸದ ಹುಲ್ಲು ಮಾತ್ರ ತರಬೇಕು. ಬೆನ್ನೆಲುಬಾಗಿ ಲಾವಂಚ ಹಚ್ಚಿದೆ. ಅದರ ಬೇರು ಅಡ್ಡ ಹರಡದೆ ನೇರ ಕೆಳಗಿಳಿಯುತ್ತದೆ, ಮೂರು ಮೀಟರಿನವರೆಗೂ ಹೋಗುತ್ತದೆ. ದಕ್ಷಿಣ ಭಾರತದಲ್ಲಿ ಬೆಳೆಸುವ ತಳಿ ಮೊಳೆಯುವ ಬೀಜ ಕಟ್ಟುವುದಿಲ್ಲ. ಗುಂಡ್ಲುಪೇಟೆ ಕಡೆಯ ರೈತರು ತಲೆತಲಾಂತರದಿಂದ ಹೊಲದ ಗಡಿಗೆ ಇದನ್ನೇ ಹಚ್ಚುತ್ತ ಬಂದಿದ್ದಾರೆ. ಅಷ್ಟು ವರ್ಷವಾದರೂ ಗಡಿ ಬಿಟ್ಟು ಹೊಲಕ್ಕೆ ಇಳಿಯದ ಹುಲ್ಲು ಎಂದರೆ ನಂಬಿಕೆಗೆ ಅದಕ್ಕಿಂತ ಏನು ಬೇಕು? ಒಂದು ಕಡ್ಡಿಗೆ 5 ರೂಪಾಯಿಯಂತೆ ರೈತರೊಬ್ಬರ ಹತ್ತಿರ ತಂದೆ. ಪರಿಚಯದವರ ಮನೆಯಿಂದ ಮಜ್ಜಿಗೆ ಹುಲ್ಲು ಬಂತು. ಅದರ ವಾಸನೆಗೆ ಬೀದಿ ದನ ಬಾಯಿ ಹಾಕುವುದಿಲ್ಲ, ಆದ್ದರಿಂದ ಗೇಟಿನ ಕಡೆಯ ಸಾಲು ಪೂರಾ ಅದೇ. ಅತ್ತೆಯವರು ಗ್ರಹಣಕ್ಕೆ ದರ್ಭೆ ಬೇಕು ಎಂದರು. ದರ್ಭೆ ನೆಲದೊಳಗೆ ಓಡುವ ಹುಲ್ಲು, ಎಲೆಯ ಅಂಚೂ ಹರಿತ. ಅದನ್ನು ಸಿಮೆಂಟ್ ಕುಂಡದಲ್ಲೇ ಇಟ್ಟೆ, ಕುಂಡದ ಕೆಳಗೆ ಕಲ್ಲುಚಪ್ಪಡಿ.

ಮಾಂಡೊ ಗ್ರಾಸ್ ಎಂದು ನರ್ಸರಿಗಳಲ್ಲಿ ಮಾರುವುದು ನಿಜವಾಗಿ ಹುಲ್ಲಿನ ಕುಟುಂಬದ್ದಲ್ಲ, ಶತಾವರಿಯ ಬಳಗದ್ದು. ನಮ್ಮ ಬಿಸಿಲು ಅದಕ್ಕೆ ಆಗದು, ನೆರಳಿದ್ದರೆ ಮಾತ್ರ ತನ್ನಿ. ಪಾಂಪಾಸ್ ಹುಲ್ಲಿನ ದೊಡ್ಡ ಬಿಳಿ ಗರಿ ಫೋಟೊದಲ್ಲಿ ಎಷ್ಟೇ ಚೆಂದ ಕಂಡರೂ ಬೇಡ. ಕ್ಯಾಲಿಫೋರ್ನಿಯಾ, ದಕ್ಷಿಣ ಆಫ್ರಿಕಾ, ಸ್ಪೇನ್‌ಗಳಲ್ಲಿ ಅದು ತೋಟ ದಾಟಿ ಕಾಡು ಸೇರಿ ಪಿಡುಗಾಗಿದೆ.

ಬಣ್ಣಕ್ಕೆ ನನಗೆ ಬೇಕಾಗಿದ್ದುದು ನೇರಳೆ ಎಲೆಯ ಫೌಂಟನ್ ಹುಲ್ಲು, ಪೆನಿಸೆಟಮ್ ಕುಲದ ರುಬ್ರಮ್ ತಳಿ. ಇದರ ಬೀಜ ಹುಟ್ಟುವುದು ಅಪರೂಪ, ಬಡ್ಡಿ ಒಡೆದೇ ಸಸಿ ಮಾಡುತ್ತಾರೆ. ಹಸಿರು ಎಲೆಯ ಮೂಲ ಜಾತಿಯ ಕಥೆ ಬೇರೆ. ಅದು ಬೀಜದಿಂದ ಹಬ್ಬುತ್ತದೆ, ಒಣಗಿದಾಗ ಬೆಂಕಿಗೆ ಉರವಲಾಗುತ್ತದೆ, ಸುಟ್ಟ ಜಾಗದಲ್ಲಿ ಎಲ್ಲಕ್ಕಿಂತ ಮೊದಲು ತಾನೇ ಚಿಗುರುತ್ತದೆ. ಹವಾಯಿಯಲ್ಲಿ ಹೀಗೇ ಆಗಿದೆ. ಯುರೋಪಿಯನ್ ಒಕ್ಕೂಟ 2017ರಲ್ಲಿ ಅದನ್ನು ಆಕ್ರಮಣಕಾರಿ ಸಸ್ಯಗಳ ಪಟ್ಟಿಗೆ ಸೇರಿಸಿತು. ಬೇಸಿಗೆಯಲ್ಲಿ ಕಪ್ಪತಗುಡ್ಡಕ್ಕೆ ಬೆಂಕಿ ಬೀಳುವ ಸುದ್ದಿ ಕೇಳುತ್ತಲೇ ಇರುವ ನಮಗೆ ಇದು ದೂರದ ಮಾತಲ್ಲ.

ಹೊರ ರಾಜ್ಯದ ನರ್ಸರಿಯೊಂದಕ್ಕೆ ತಳಿಯ ಹೆಸರು ಬರೆದೇ ಆರ್ಡರ್ ಕೊಟ್ಟೆ. ಒಂದಕ್ಕೆ 120 ರೂಪಾಯಿ, ಹಣ ಮುಂಗಡ. ಪಾರ್ಸೆಲ್ ಎಂಟು ದಿನ ತಡವಾಗಿ ಬಂತು. ಗೇಣುದ್ದ ಕತ್ತರಿಸಿದ ಬಡ್ಡಿಗಳು, ಬೇರಿನ ಮಣ್ಣು ಒಣಗಿ ಉದುರುತ್ತಿತ್ತು. ರಾತ್ರಿಯಿಡೀ ಬೇರನ್ನು ನೀರಿನಲ್ಲಿಟ್ಟು ಮರುದಿನ ಸಂಜೆ ಹಚ್ಚಿದೆವು. ಹೆಚ್ಚಿನವು ಬದುಕಿದವು, ಆದರೆ ಎಲೆ ಹಸಿರು. ಬಿಸಿಲು ಬಿದ್ದ ಮೇಲೆ ಬಣ್ಣ ಏರುತ್ತದೆ ಎಂದು ಫೋನಿನಲ್ಲಿ ಹೇಳಿದರು. ನೆರಳಲ್ಲಿ ರುಬ್ರಮ್ ಹಸಿರಾಗುವುದು ನಿಜವೇ ಆದ್ದರಿಂದ ಕಾದೆ. ಗಣೇಶ ಚೌತಿಗೆ ಕರಿಕಿ ಕೇಳಿಕೊಂಡು ಬಂದ ಓಣಿಯ ಮಕ್ಕಳೇ ಮೊದಲು ತೆನೆ ನೋಡಿದ್ದು. ಹಸಿರು ಎಲೆಯ ಮೇಲೆ ನಸುಗೆಂಪು ಬಿಳಿಯ, ಕೈಯಷ್ಟುದ್ದದ ಮೆತ್ತನೆಯ ತೆನೆಗಳು. ಬೆಳಗಿನ ಬಿಸಿಲಿಗೆ ಎದುರಾಗಿ ನೋಡಿದರೆ ಒಂದೊಂದು ಎಳೆಯೂ ಹೊಳೆಯುತ್ತಿತ್ತು. ಅತ್ತೆಯವರು ಕುರ್ಚಿ ತರಿಸಿಕೊಂಡು ಅಲ್ಲೇ ಕೂತರು. "ಇದು ಸಜ್ಜಿ ತಂಗೀನ ಐತಿ ನೋಡು" ಎಂದರು. ಅವರು ಹೇಳಿದ್ದು ಸರಿ. ಸಸ್ಯಶಾಸ್ತ್ರದಲ್ಲೂ ಸಜ್ಜೆ ಮತ್ತು ಫೌಂಟನ್ ಹುಲ್ಲು ಒಂದೇ ಕುಲದವು.

ಆ ಸಂತೋಷದ ದಿನವೇ ನನಗೆ ಖಾತ್ರಿಯಾಯಿತು, ಬಂದಿರುವುದು ಹಸಿರು ಜಾತಿ. ಎರಡು ದಿನ ಏನೂ ಮಾಡಲಾಗಲಿಲ್ಲ. ಮನೆಯವರು, ಒಂದು ವರ್ಷ ಇರಲಿ ಬಿಡು ಎಂದರು. ಬೀಜ ಗಟ್ಟಿಯಾದ ಮೇಲೆ ಗಾಳಿಯನ್ನು ಹಿಡಿದು ನಿಲ್ಲಿಸುವವರು ಯಾರು? ಮೂರನೆಯ ದಿನ ಬೆಳಿಗ್ಗೆ, ಗಾಳಿ ಏಳುವ ಮೊದಲು, ಪ್ರತಿ ತೆನೆಗೂ ಕವರ್ ತೊಡಿಸಿ ಕಟ್ಟಿ, ಆಮೇಲೆ ಕತ್ತರಿಸಿ, ಬಡ್ಡಿ ಅಗೆದೆವು. ತೆನೆಗಳ ಚೀಲವನ್ನು ಬಾಯಿ ಬಿಗಿದು ಮಾಳಿಗೆಯ ಬಿಸಿಲಲ್ಲಿ ವಾರಗಟ್ಟಲೆ ಇಟ್ಟು ಕೊನೆಗೆ ಸುಟ್ಟೆ. ಅಗೆಯುವಾಗ ಕಣ್ಣಲ್ಲಿ ನೀರು ಬಂತು ಎಂದು ಬರೆಯಲು ನನಗೆ ಸಂಕೋಚವಿಲ್ಲ.

ನರ್ಸರಿಯವರು ಮೊದಲು ಒಪ್ಪಲಿಲ್ಲ. ಬಿಲ್ಲಿನಲ್ಲಿ ತಳಿಯ ಹೆಸರು ಪೂರ್ತಿ ಇತ್ತು, ಕುಂಡದ ಚೀಟಿಯ ಫೋಟೊ, ಎಲೆ ಮತ್ತು ತೆನೆಯ ಫೋಟೊ ತಾರೀಖಿನ ಸಮೇತ ಇದ್ದವು. ಅವನ್ನೆಲ್ಲ ಕಳಿಸಿ ಕಾದ ಮೇಲೆ ದೀಪಾವಳಿಯ ಹೊತ್ತಿಗೆ ಅರ್ಧ ಹಣ ಬಂತು. ಬಿಲ್ಲಿನಲ್ಲಿ ಬರೀ ಗ್ರಾಸ್ ಎಂದಿದ್ದರೆ ಅದೂ ಬರುತ್ತಿರಲಿಲ್ಲ. ನಿಜವಾದ ನೇರಳೆ ಹುಲ್ಲು ಕೊನೆಗೆ ಸಿಕ್ಕಿದ್ದು ಧಾರವಾಡದ ಪರಿಚಯದವರೊಬ್ಬರ ಹಿತ್ತಲಲ್ಲಿ. ಬಣ್ಣ ಕಣ್ಣಾರೆ ನೋಡಿ, ಎರಡನೆಯ ವರ್ಷದ ಮಿರಗಕ್ಕೆ ಅವರ ಬಡ್ಡಿ ಒಡೆದು ತಂದೆ. ಒಂದು ರೂಪಾಯಿ ಖರ್ಚಿಲ್ಲ. ಫೌಂಟನ್ ಹುಲ್ಲು ಬೇಕಾದವರು ಹಾಗೇ ತನ್ನಿ, ತೆನೆ ಬಿಟ್ಟಾಗ ನೋಡಿ ಗುರುತಿಟ್ಟು, ಮಳೆ ಹಿಡಿದಾಗ ಸಸಿ ಕೇಳಿ.

ಮೊದಲ ವರ್ಷದ ಇನ್ನೊಂದು ಪೆಟ್ಟು ಕಳೆ ತೆಗೆಯುವಾಗ ಬಿತ್ತು. ಆಳಿಗೆ ಬಂದ ಹೆಣ್ಣುಮಕ್ಕಳು ಬಹಳ ಚೊಕ್ಕಟವಾಗಿ ಕೆಲಸ ಮಾಡಿದರು, ಲಾವಂಚದ ಒಂದು ಸಾಲನ್ನೂ ಸೇರಿಸಿ. "ಕಸ ಅನ್ಕೊಂಡು ಕಿತ್ತೀವ್ರಿ ಅಕ್ಕಾರ" ಎಂದು ಅವರೇ ನೊಂದುಕೊಂಡರು. ಜೀವನವಿಡೀ ಹುಲ್ಲನ್ನು ಕೀಳುತ್ತ ಬಂದ ಕೈಗಳಿಗೆ ಇದು ಬೆಳೆ ಎಂದು ಯಾರಾದರೂ ತೋರಿಸಿಕೊಡಬೇಕಲ್ಲವೇ? ಆಗಿನಿಂದ ಪ್ರತಿ ಬಡ್ಡಿಯ ಪಕ್ಕ ಕೆಂಪು ಬಟ್ಟೆ ಕಟ್ಟಿದ ಕಡ್ಡಿ ನೆಡುತ್ತೇನೆ.

ಚಳಿಗಾಲದಲ್ಲಿ ಮಜ್ಜಿಗೆ ಹುಲ್ಲಿನ ಹೊಸ ಎಲೆಗಳು ಹಳದಿಯಾದವು, ನರ ಮಾತ್ರ ಹಸಿರು. ನೀರು ಸಾಲದು ಎಂದು ಅಕ್ಕಪಕ್ಕದವರು ಹೇಳಿದರು. ಮಣ್ಣಿನ ವರದಿ ತೆಗೆದು ನೋಡಿದರೆ ಕಬ್ಬಿಣದ ಕೊರತೆಯ ಸಾಲು ಕಣ್ಣಿಗೆ ಬಿತ್ತು. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿದೆ, ಹತ್ತು ದಿನ ಬಿಟ್ಟು ಮತ್ತೊಮ್ಮೆ. ಹೊಸ ಎಲೆ ಹಸಿರಾಗಿ ಬಂತು. ಚಹಾಕ್ಕೆ ಕೀಳುವ ಬಡ್ಡಿಗಳಿಗೆ ಸಿಂಪಡಿಸಿದರೆ ಕೆಲವು ದಿನ ಎಲೆ ಮುಟ್ಟಬೇಡಿ. ಬಟ್ಟೆ ಒಗೆದ ನೀರನ್ನು ಎರಿ ಮಣ್ಣಿಗೆ ಬಿಡಬೇಡಿ, ಸೋಪಿನ ಪುಡಿಯ ಸೋಡಿಯಂ ಮಣ್ಣನ್ನು ಇನ್ನೂ ಬಿಗಿ ಮಾಡುತ್ತದೆ. ಅಕ್ಕಿ, ಕಾಯಿಪಲ್ಲೆ ತೊಳೆದ ನೀರು ನಡೆಯುತ್ತದೆ. ಮೊದಲ ಬೇಸಿಗೆಗೆ ಟ್ಯಾಂಕರ್ ತರಿಸಬೇಕಾಯಿತು, ಒಂದಕ್ಕೆ 600 ರೂಪಾಯಿ. ಎರಡನೆಯ ಬೇಸಿಗೆಗೆ ಲಾವಂಚ ನೀರೇ ಕೇಳಲಿಲ್ಲ. ಪಟ್ಟೆ ಪಟ್ಟೆಯ ಜೀಬ್ರಾ ಹುಲ್ಲು ಮಾತ್ರ ಏಪ್ರಿಲ್ ಬಿಸಿಲಿಗೆ ಎಲೆ ಸುಟ್ಟುಕೊಂಡಿತು, ಅದನ್ನು ಬೇವಿನ ಪೂರ್ವದ ನೆರಳಿಗೆ ಸರಿಸಿದ್ದೇನೆ. 250 ರೂಪಾಯಿ ಕೊಟ್ಟು ಗದಗಿಗೆ ಅದನ್ನು ತರುವುದು ಬೇಡ ಎಂದೇ ನನ್ನ ಅಭಿಪ್ರಾಯ.

ಮೊದಲ ವರ್ಷ ನೋಡಲು ಏನೂ ಇರುವುದಿಲ್ಲ, ಇದನ್ನು ಮನಸ್ಸಿಗೆ ತಂದುಕೊಳ್ಳಿ. ಹುಲ್ಲು ಆಗ ಬೇರು ಇಳಿಸುತ್ತಿರುತ್ತದೆ. ಎರಡನೆಯ ಮಳೆಗಾಲಕ್ಕೆ ಲಾವಂಚ ಆಳೆತ್ತರ ಬಂತು. ನೋಟಿಸು ಬಂದದ್ದೂ ಆಗಲೇ.

ಹಾವು, ಸೊಳ್ಳೆ, ಬೆಂಕಿಯ ಭಯ ಎಂದು ಕಾರಣ ಬರೆದು, ಹದಿನೈದು ದಿನದಲ್ಲಿ ಹುಲ್ಲು ತೆಗೆಯದಿದ್ದರೆ ನಗರಸಭೆಗೆ ದೂರು ಕೊಡುತ್ತೇವೆ ಎಂದಿದ್ದರು. ಮನಸ್ಸಿಗೆ ಬಹಳ ನೋವಾಯಿತು. ಆದರೆ ಸಂಘದ ಹಿರಿಯರೊಬ್ಬರು ಮನೆಗೆ ಬಂದು ಕೂತು ಹೇಳಿದ ಮಾತಿನಲ್ಲಿ ತಪ್ಪಿರಲಿಲ್ಲ. "ತಂಗಿ, ನಿನ್ನ ಹುಲ್ಲು ಚಲೋ ಐತಿ. ಆದ್ರ ಸಣ್ಣ ಹುಡುಗ್ರು ಇಲ್ಲೇ ಆಡ್ತಾವು, ಹಾವು ಬಂದ್ರ ಯಾರ ಜವಾಬ್ದಾರಿ?" ಭಯ ನಿಜ. ದಟ್ಟ ಹುಲ್ಲಿನಲ್ಲಿ ಇಲಿ ಸೇರಿದರೆ ಹಾವು ಬರುತ್ತದೆ. ಆದ್ದರಿಂದ ಜಗಳ ಬಿಟ್ಟು ಕೆಲಸ ಮಾಡಿದೆ. ಹಿಂದಿನ ಗೋಡೆಗೆ ಒಟ್ಟಿದ್ದ ಇಟ್ಟಿಗೆ, ಕಟ್ಟಿಗೆ ತೆಗೆಸಿದೆ, ಇಲಿ ಬಿಲ ಮುಚ್ಚಿಸಿದೆ. ರಸ್ತೆ ಕಡೆಯ ಸಾಲನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದೆ. ಬಡ್ಡಿಗಳ ಬುಡದ ಒಣ ಎಲೆ ಬಾಚಿ, ನೆಲ ಕಾಣುವಂತೆ ಮಾಡಿದೆ.

ಆಮೇಲೆ ಉತ್ತರ ಬರೆದೆ. ಜೊತೆಗೆ ಇಟ್ಟದ್ದು ಜಾಗದ ಖರೀದಿ ಪತ್ರದ ಪ್ರತಿ, ಮಡಿಗಳ ಮತ್ತು ಗರಸಿನ ದಾರಿಯ ಅಳತೆ ಹಾಕಿದ ನಕ್ಷೆ, ಮಣ್ಣಿನ ವರದಿ, ಹುಲ್ಲುಗಳ ಹೆಸರು ಮತ್ತು ಅವು ಏಕೆ ಹಬ್ಬುವುದಿಲ್ಲ ಎಂಬ ಒಂದು ಪುಟ, ಕತ್ತರಿಸುವ ತಿಂಗಳುಗಳು, ಮಳೆ ಬಂದ ಮರುದಿನವೂ ನೀರು ನಿಂತಿಲ್ಲ ಎನ್ನುವ ಫೋಟೊ. ಸೊಳ್ಳೆ ಮೊಟ್ಟೆ ಇಡುವುದು ನಿಂತ ನೀರಿನಲ್ಲಿ, ಏರುಮಡಿಯಲ್ಲಿ ನೀರೇ ನಿಲ್ಲುವುದಿಲ್ಲ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕರಿಸಿದ ಸಹಿ, ತಾರೀಖು ಹಾಕಿಸಿಕೊಂಡೆ. ಇದನ್ನು ಬಿಡಬೇಡಿ. ನಡುವೆ ಪದಾಧಿಕಾರಿಗಳು ಬದಲಾದಾಗ ನನ್ನ ಪತ್ರ ಅವರ ಫೈಲಿನಲ್ಲಿ ಇರಲಿಲ್ಲ, ನನ್ನ ಪ್ರತಿಯಿಂದಲೇ ವಿಷಯ ಮುಂದುವರಿಯಿತು. ಎರಡು ಸಭೆ ಮುಂದಕ್ಕೆ ಹೋದವು, ಮೂರನೆಯದಕ್ಕೆ ಮೊದಲು ಅವರೇ ಬಂದು ಜಾಗ ನೋಡಿದರು. ವಾಪಸು ಪತ್ರದಲ್ಲಿ ಎರಡು ಷರತ್ತು ಇವೆ. ಶಿವರಾತ್ರಿಯೊಳಗೆ ಒಣ ಹುಲ್ಲು ಕತ್ತರಿಸಬೇಕು, ರಸ್ತೆ ಕಡೆಯ ಸಾಲು ಮೂರು ಅಡಿ ಮೀರಬಾರದು. ಎರಡೂ ನ್ಯಾಯವಾದವು, ಒಪ್ಪಿದ್ದೇನೆ.

ಟ್ಯಾಂಕರ್, ಕೂಲಿ ಎಲ್ಲ ಸೇರಿ ಎರಡು ವರ್ಷಕ್ಕೆ ಸುಮಾರು 24,000 ರೂಪಾಯಿ ಆಯಿತು. ಅದರಲ್ಲಿ ಹುಲ್ಲಿಗೆ ಕೊಟ್ಟದ್ದು ಬಹಳ ಕಡಿಮೆ, ಹಣ ಹೋದದ್ದು ಮಣ್ಣಿಗೆ.

ಮುಂದಿನ ಮಿರಗಕ್ಕೆ ಲಾವಂಚದ ಬಡ್ಡಿ ಒಡೆಯುತ್ತೇನೆ. ಬೇಕಾದವರು ಬರುವಾಗ ಒದ್ದೆ ಗೋಣಿಚೀಲ ತನ್ನಿ. ಎಲೆಯನ್ನು ಗೇಣುದ್ದಕ್ಕೆ, ಬೇರನ್ನು ನಾಲ್ಕು ಬೆರಳಿಗೆ ಕತ್ತರಿಸಿ, ಎರಡು ಮೂರು ಚಿಗುರು ಒಟ್ಟಿಗೆ ಇರುವಂತೆ ಬಿಡಿಸಿ ಕೊಡುತ್ತೇನೆ. ಅದೇ ದಿನ ಸಂಜೆಯೊಳಗೆ ಹಚ್ಚಬೇಕು, ಸಾಲಿಗಾದರೆ ಗೇಣಿಗೊಂದರಂತೆ, ಬಿಡಿ ಬಡ್ಡಿ ಬೇಕಿದ್ದರೆ ಮೂರು ಅಡಿಗೊಂದರಂತೆ. ಮಳೆ ತಪ್ಪಿದರೆ ಮೊದಲ ತಿಂಗಳು ಎರಡು ದಿನಕ್ಕೊಮ್ಮೆ ನೀರು ಹಾಕಿ. ನೇರಳೆ ಹುಲ್ಲು ಇನ್ನೂ ಎಳೆಯದು, ಅದನ್ನು ಈ ವರ್ಷ ಒಡೆಯುವುದಿಲ್ಲ.